ಯಾವ ಪೌಡರೂ ಬೇಡ

"ಏನಮ್ಮಾ, ಮೆದುಳಿನ ಪ್ರೊಟೀನ್ ಮೇಲೆ ರಿಸರ್ಚ್ ಮಾಡ್ತೀಯಂತೆ. ನಮ್ಮ ಹುಡುಗ ಸೆಕೆಂಡ್ ಪಿಯುಸಿ. ನೆನಪಿನ ಶಕ್ತಿಗೆ ಯಾವ ಪ್ರೊಟೀನ್ ಪೌಡರ್ ಕೊಡೋದು?" ಶಿಡ್ಲಘಟ್ಟದಲ್ಲಿ ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿ ಎಲೆ ಮುಂದೆ ಕೂತರೂ ಇದೇ ಪ್ರಶ್ನೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸ್ತೀನಿ.

ಯಾವುದೂ ಬೇಡ. ತಿಂದ ಪ್ರೊಟೀನು ಡಬ್ಬದ್ದಾಗಲಿ, ಹುರುಳಿಕಾಳಿನದ್ದಾಗಲಿ, ಹೊಟ್ಟೆ ಕರುಳಿನಲ್ಲಿ ಚೂರಾಗಿ ಅಮೈನೋ ಆಮ್ಲ ಆಗುತ್ತೆ. ಆ ಚೂರುಗಳಿಂದ ನರಕೋಶ ತನಗೆ ಬೇಕಾದ್ದನ್ನ ತಾನೇ ಕಟ್ಟಿಕೊಳ್ಳುತ್ತೆ. ಮುದ್ದೆ, ಅವರೆಕಾಳು ಸಾರು, ಮೊಟ್ಟೆ ಸಾಕು.

ಸಿಟ್ಟು ಬರೋದು ಪ್ರೊಟೀನನ್ನ ಗ್ರಾಂ ಲೆಕ್ಕದ ಒಂದೇ ಪದಾರ್ಥ ಮಾಡೋದಕ್ಕೆ. ರೇಷ್ಮೆ ಊರಿನವರು ಹೀಗೆ ಕೇಳಬಾರದು ಕಣ್ರೀ. ಗೂಡಿನ ಎಳೆ ಫೈಬ್ರೋಯಿನ್, ಮೇಲಿನ ಅಂಟು ಸೆರಿಸಿನ್, ಎರಡೂ ಪ್ರೊಟೀನೇ. ಬಿಸಿನೀರಿಗೆ ಅಂಟು ಮೆತ್ತಗಾಗುತ್ತೆ, ಎಳೆ ಉಳಿಯುತ್ತೆ. ಯಾವುದು ಯಾವುದಕ್ಕೆ ಎಷ್ಟು ಬಿಗಿಯಾಗಿ ಅಂಟಿದೆ, ನರಕೋಶದೊಳಗೆ ನಾವು ಹುಡುಕೋದೂ ಅದನ್ನೇ.

"ಕಣ್ಣಿಗೆ ಕಾಣದ ಎರಡು ಪ್ರೊಟೀನು ಅಂಟಿಕೊಂಡಿವೆ ಅಂತ ಹೆಂಗೆ ಹೇಳ್ತೀಯಾ?" ಅಂತ ಒಬ್ಬರಾದರೂ ಕೇಳಬಾರದೇ!

ಪಿಎಸ್‌ಡಿ-95 ಮತ್ತು ಎನ್‌ಎಂಡಿಎ ರಿಸೆಪ್ಟರ್ ತಗೊಳ್ಳಿ. ಎರಡೂ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸೋ ಜಾಗದ ಪ್ರೊಟೀನುಗಳು: ರಿಸೆಪ್ಟರ್ ಸಂದೇಶ ಹಿಡಿಯುತ್ತೆ, ಪಿಎಸ್‌ಡಿ-95 ಅದನ್ನ ಒಳಗಿಂದ ಹಿಡಿದಿಡುತ್ತೆ. ಈ ನಂಟು 1995ರಲ್ಲಿ ಯೀಸ್ಟ್ ಕೋಶದೊಳಗೆ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು. ಮೆದುಳಲ್ಲಿ ನೋಡಬೇಕಾದರೆ ಇಲಿ ಮೆದುಳನ್ನ ಐಸ್ ಮೇಲಿಟ್ಟು ಡಿಟರ್ಜೆಂಟ್ (ಕೋಶದ ಪೊರೆ ಕರಗಿಸೋ ಸೋಪಿನಂಥದ್ದು) ಇರೋ ಬಫರ್ ದ್ರಾವಣದಲ್ಲಿ ಅರೀತೀವಿ. ಪ್ರೊಟಿಯೇಸ್ ಇನ್‌ಹಿಬಿಟರ್ ಮರೆತರೆ ಕೋಶದ ಕಿಣ್ವಗಳೇ ಎಲ್ಲ ತಿಂದುಹಾಕ್ತವೆ. 500 ಮೈಕ್ರೋಗ್ರಾಂ ಪ್ರೊಟೀನಿಗೆ ಪಿಎಸ್‌ಡಿ-95 ಹಿಡಿಯೋ ಆಂಟಿಬಾಡಿ 2 ಮೈಕ್ರೋಗ್ರಾಂ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ, ಮಣಿಗಳಿಗೆ ಹಿಡಿಸಿ, ನಾಲ್ಕು ಸಲ ತೊಳೆದು, 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ ಜೆಲ್‌ಗೆ ಬಿಡೋದು. ಜೆಲ್ಲಿನಲ್ಲಿ ಪ್ರೊಟೀನುಗಳು ತೂಕದ ಪ್ರಕಾರ ಬೇರೆಬೇರೆ ಗೆರೆಯಾಗ್ತವೆ, ಅದನ್ನ ಹಾಳೆಗೆ ಇಳಿಸಿ ಇನ್ನೊಂದು ಆಂಟಿಬಾಡಿಯಿಂದ ಗುರುತಿಸೋದೇ ಬ್ಲಾಟ್. ಒಂದನ್ನ ಎಳೆದಾಗ ಇನ್ನೊಂದೂ ಜೊತೆಗೆ ಬಂತಾ ಅನ್ನೋದೇ ಪರೀಕ್ಷೆ.

ಕೆಡೋದು ಡಿಟರ್ಜೆಂಟಿನಲ್ಲಿ. ಒಂದು ಪರ್ಸೆಂಟ್ ಟ್ರೈಟಾನ್ ಅನ್ನೋ ಮೆದು ಡಿಟರ್ಜೆಂಟಿಗೆ ಈ ಜೋಡಿ ಸರಿಯಾಗಿ ಕರಗೋದೇ ಇಲ್ಲ. ಸೆಂಟ್ರಿಫ್ಯೂಜಲ್ಲಿ ತಳಕ್ಕೆ ಕೂರುತ್ತೆ, ನಾವು ತಳ ಬಿಸಾಕಿ ಮೇಲಿನ ತಿಳಿ ಇಟ್ಕೊಂಡಿರ್ತೀವಿ, ಬ್ಲಾಟ್ ಖಾಲಿ. ಡಿಆಕ್ಸಿಕೊಲೇಟ್ ಅನ್ನೋ ಖಡಕ್ ಡಿಟರ್ಜೆಂಟ್ ಹಾಕಿದರೆ ಕರಗುತ್ತೆ, ಆದರೆ ಸಡಿಲ ಹಿಡಿತಗಳು ಕಳಚಿಹೋಗ್ತವೆ. ಗೂಡು ಬೇಯಿಸೋರನ್ನ ಕೇಳಿ ಬೇಕಾದ್ರೆ: ಕಮ್ಮಿ ಬೆಂದರೆ ಎಳೆ ತುಂಡಾಗುತ್ತೆ, ಜಾಸ್ತಿ ಬೆಂದರೆ ಗಂಟುಗಂಟಾಗಿ ವೇಸ್ಟಿಗೆ ಹೋಗುತ್ತೆ.

ಎಳೆಯೋಕೆ ಹಾಕಿದ ಆಂಟಿಬಾಡಿಯದ್ದೇ ದೊಡ್ಡ ತುಂಡು ಜೆಲ್ಲಿನಲ್ಲಿ 50 ಕಿಲೋಡಾಲ್ಟನ್ (ಪ್ರೊಟೀನಿನ ತೂಕದ ಅಳತೆ) ಹತ್ತಿರ ಓಡುತ್ತೆ. ಆಲ್ಜೈಮರ್ಸ್‌ನ ಟಾವ್ ಪ್ರೊಟೀನು ಹುಡುಕೋರಿಗೆ ಇದು ಪಕ್ಕಾ ತಲೆನೋವು, ಯಾಕಂದ್ರೆ ಟಾವೂ ಅಲ್ಲೇ ಓಡುತ್ತೆ. ಅದಕ್ಕೇ ಎಳೆಯೋಕೆ ಮೊಲದ ಆಂಟಿಬಾಡಿ, ನೋಡೋಕೆ ಚಿಟ್ಟಿಲಿಯದ್ದು; ಆಗ ಎಳೆದ ಆಂಟಿಬಾಡಿ ಗೆರೆಯಾಗಿ ಅಡ್ಡ ಬರಲ್ಲ. ಯಾವುದನ್ನೂ ಗುರಿಯಿಡದ ಮಾಮೂಲಿ ಆಂಟಿಬಾಡಿ (ಐಜಿಜಿ) ಹಾಕಿದ ಲೇನ್ ಒಂದು ಪಕ್ಕದಲ್ಲಿ ಇರಲೇಬೇಕು. ಅದರಲ್ಲೂ ಗೆರೆ ಬಂದರೆ ನಿಮ್ಮ ನಂಟಸ್ತಿಕೆ ಬರೀ ಮಣಿಯ ಜಿಗುಟು.

ಇನ್ನೊಂದು ಮೋಸ, ಕೋಶದಲ್ಲಿ ಬೇರೆಬೇರೆ ಕಡೆ ಇದ್ದವು ಅರೆದಾಗ ಬೆರೆತು ಅಂಟಿಕೊಳ್ತವೆ. ಅದಕ್ಕೆ ಅರೆಯದ ಕೋಶದಲ್ಲೇ ಪ್ರಾಕ್ಸಿಮಿಟಿ ಲೈಗೇಷನ್ ಅನ್ನೋ, ಎರಡು ಪ್ರೊಟೀನು ಹತ್ತಿರ ಇವೆಯಾ ಅಂತ ತೋರಿಸೋ ಪರೀಕ್ಷೆ ಮಾಡ್ತೀವಿ. ಎರಡೂ 40 ನ್ಯಾನೋಮೀಟರ್ ಒಳಗಿದ್ದರೆ ಚುಕ್ಕಿ ಬೆಳಗುತ್ತೆ. ಆದರೆ ಎರಡು ನರಕೋಶಗಳ ಸಂದಿಯೇ ಸುಮಾರು 20 ನ್ಯಾನೋಮೀಟರ್! ಈಚೆಯವನೊಬ್ಬ, ಆಚೆಯವನೊಬ್ಬ, ಮುಟ್ಟದೇ ಇದ್ದರೂ ಚುಕ್ಕಿ ಬರಬಹುದು. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರೆಲ್ಲ ನೆಂಟರಾಗ್ತಾರಾ?

ಹುಡುಗನಿಗೆ ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಮಾಡೋಕೆ ಬಿಡಿ. ಡಬ್ಬ ಆಗಲೇ ತಂದಿದ್ದರೆ, ಸೀಲ್ ಒಡೆಯೋ ಮುಂಚೆ ಅಂಗಡಿಯವನನ್ನ ಕೇಳಿ ನೋಡಿ, ವಾಪಸ್ ತಗೊಂಡರೂ ತಗೊಂಡಾನು.