ಗೋಡೆಯೊಳಗಿನ ನಂದಾದೀಪ

ಕ್ಯಾಲಿಫೋರ್ನಿಯಾ ಅಂದರೆ ಊರಲ್ಲಿ ಎಲ್ಲರೂ ಬರೀ ಬಿಸಿಲು ಅಂದುಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಸನಿವೇಲ್‌ಗೆ ಬಂದು ಒಂದು ರಾತ್ರಿ ಇದ್ದು ನೋಡಬೇಕು. ಹೊರಗೆ 4-5 ಡಿಗ್ರಿಗೆ ಇಳಿದಿರುತ್ತದೆ. ನಾವಿರುವುದು 1950ರ ದಶಕದ ಮರದ ಮನೆ, ಗೋಡೆ ತೆಳು, ಬೆಳಗಿನ ಜಾವಕ್ಕೆ ನೆಲ ಅಂಗಾಲು ಕೊರೆಯುತ್ತದೆ.

ಈ ಮನೆಗೆಲ್ಲ ಇರುವುದು ಒಂದೇ ಹೀಟರ್, ನಡುಮನೆಯ ಗೋಡೆಯೊಳಗೆ ಕೂರಿಸಿದ ಗ್ಯಾಸ್ ಹೀಟರ್. ಅದರ ಬುಡದಲ್ಲಿ ಹಗಲೂ ರಾತ್ರಿ ಉರಿಯುವ ಸಣ್ಣ ಜ್ವಾಲೆಗೆ ಪೈಲಟ್ ಅನ್ನುತ್ತಾರೆ. ಚಳಿ ಹೆಚ್ಚಾದಾಗ ದೊಡ್ಡ ಬರ್ನರ್ ಹೊತ್ತಿಕೊಳ್ಳುವುದು ಅದರಿಂದಲೇ. ನನಗದು ನಮ್ಮ ನಂದಾದೀಪದ ಹಾಗೆಯೇ ಕಾಣುತ್ತದೆ. ಕಳೆದ ಚಳಿಗಾಲದಲ್ಲಿ ಅದು ಆರುತ್ತಲೇ ಇತ್ತು. ಫೋನಿನಲ್ಲಿ ಹೇಳಿದರೆ ಅಮ್ಮ, 'ಆರಿತು ಅನ್ನಬೇಡ್ವೋ, ಶಾಂತವಾಯ್ತು ಅನ್ನು' ಅಂದರು.

ಹಚ್ಚುವ ಕ್ರಮ ಹೀಟರಿನ ಬಾಗಿಲ ಒಳಗೇ ಅಂಟಿಸಿರುತ್ತದೆ. ಮೊದಲು ನೆಲದ ಹತ್ತಿರ ಬಗ್ಗಿ ಮೂಸಿ ನೋಡಬೇಕು. ಗ್ಯಾಸ್ ವಾಸನೆ ಬಂದರೆ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕು. ವಾಸನೆ ಇಲ್ಲದಿದ್ದರೆ ಗುಂಡಿ ಆಫ್ ಮಾಡಿ ಐದು ನಿಮಿಷ ಸುಮ್ನೆ ಕಾಯಬೇಕು. ಆಮೇಲೆ ಪೈಲಟ್ ಗುರುತಿಗೆ ತಿರುಗಿಸಿ, ಒತ್ತಿ ಹಿಡಿದು, ಹಚ್ಚಿ, ಒಂದು ನಿಮಿಷ ಹಾಗೇ ಒತ್ತಿಕೊಂಡಿರಬೇಕು. ನಾನು ಒಂದೂವರೆ ನಿಮಿಷ ಹಿಡಿದೆ. ಕೈ ಬಿಟ್ಟ ತಕ್ಷಣ 'ಟಕ್' ಅಂತ ಒಂದು ಸದ್ದು, ಜ್ವಾಲೆ ಇಲ್ಲ.

ಯಾಕೆ ಹೀಗೆ ಅಂತ ಓದುತ್ತಾ ಕೂತವನಿಗೆ ಆ ಯಂತ್ರದ ಮೇಲೆ ಪ್ರೀತಿಯೇ ಹುಟ್ಟಿತು. ಈ ಹೀಟರಿಗೆ ಕರೆಂಟೇ ಬೇಡ. ಪೈಲಟ್ ಜ್ವಾಲೆಯ ಬಾಯಲ್ಲಿ ಪೆನ್ಸಿಲ್ ಗಾತ್ರದ ಒಂದು ಲೋಹದ ಕಡ್ಡಿ ಇರುತ್ತದೆ, ಹೆಸರು ಥರ್ಮೋಪೈಲ್. ಎರಡು ಬೇರೆ ಲೋಹಗಳನ್ನು ಕೂಡಿಸಿ ಒಂದು ಬೆಸುಗೆಯನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ ಹರಿಯುತ್ತದೆ. 1821ರಲ್ಲಿ ಜರ್ಮನಿಯ ಸೀಬೆಕ್ ಕಂಡ ಸಂಗತಿ ಇದು. ಅಂಥ ಜೋಡಿಗಳನ್ನು ಸಾಲಾಗಿ ಸೇರಿಸಿದ್ದೇ ಈ ಕಡ್ಡಿ. ಚೆನ್ನಾಗಿ ಕಾದರೆ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ. ಒಂದು ಪುಟ್ಟ ಅಯಸ್ಕಾಂತ ಗ್ಯಾಸಿನ ಬಾಗಿಲನ್ನು ತೆರೆದು ಹಿಡಿಯಲು ಅಷ್ಟು ಸಾಕು. ಬಾಗಿಲನ್ನು ತಾನೇ ತೆರೆಯುವ ಬಲ ಅದಕ್ಕಿಲ್ಲ, ಅದಕ್ಕೇ ಮೊದಲು ನಾವು ಒತ್ತಿ ಹಿಡಿಯಬೇಕು. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗುತ್ತದೆ, ಅಯಸ್ಕಾಂತ ಕೈ ಬಿಡುತ್ತದೆ, ಗ್ಯಾಸ್ ನಿಲ್ಲುತ್ತದೆ. ಆ 'ಟಕ್' ಅದೇ. ಅಂದರೆ ಅದು ನಮ್ಮನ್ನು ಕಾಯುತ್ತಿತ್ತು.

ಟಾರ್ಚ್ ಹಿಡಿದು ಸಣ್ಣ ಗಾಜಿನ ಕಿಂಡಿಯಲ್ಲಿ ನೋಡಿದೆ. ನೀಲಿಯಾಗಿ, ಚೂಪಾಗಿ ಕಡ್ಡಿಯ ತುದಿಯನ್ನು ಸುತ್ತಿಕೊಂಡಿರಬೇಕಾದ ಜ್ವಾಲೆ, ಎಣ್ಣೆ ಮುಗಿಯುತ್ತಾ ಬಂದ ಹಣತೆಯ ಹಾಗೆ ಹಳದಿಯಾಗಿ ಅತ್ತಿತ್ತ ವಾಲುತ್ತಿತ್ತು. ಕಡ್ಡಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ.

ಬಿಚ್ಚುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಮನೆ ಮಾಲೀಕರಿಗೆ ಹೇಳಿ ಮೆಕ್ಯಾನಿಕ್ ಬರುವುದಕ್ಕೆ ನಾಲ್ಕು ದಿನ ಆಯಿತು. ಆ ನಾಲ್ಕು ರಾತ್ರಿ ಮಗಳನ್ನು ನಡುವೆ ಮಲಗಿಸಿಕೊಂಡು, ಊರಿಂದ ತಂದ ಕಂಬಳಿ ಹೊದ್ದುಕೊಂಡೆವು. ಅಡುಗೆಮನೆಯ ಗ್ಯಾಸ್ ಓವನ್ ಬಾಗಿಲು ತೆರೆದಿಟ್ಟರೆ ಮನೆ ಬೆಚ್ಚಗಾಗುತ್ತೆ ಅಂತ ಯಾರೋ ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಬೆರೆಸಿರುವ ಕೆಟ್ಟ ವಾಸನೆಯೂ ಇದರಲ್ಲಿ ಬರುವುದಿಲ್ಲ.

ಮೆಕ್ಯಾನಿಕ್ ಮೀಟರ್ ಹಿಡಿದು ತೋರಿಸಿದ, ನೂರು ಮಿಲಿವೋಲ್ಟೂ ಇರಲಿಲ್ಲ. ಪೈಲಟ್ಟಿಗೆ ಗಾಳಿ ಎಳೆದುಕೊಳ್ಳುವ ತೂತಿನಲ್ಲಿ ಧೂಳು, ಬಟ್ಟೆಯ ಜುಂಗು ಕಟ್ಟಿಕೊಂಡಿತ್ತು. ಬ್ರಷ್ಷಿನಿಂದ ತೆಗೆದು ಗಾಳಿ ಊದಿದ, ಜ್ವಾಲೆ ನೀಲಿಯಾಗಿ ನೆಟ್ಟಗೆ ನಿಂತಿತು. ಮೀಟರ್ 540 ಮಿಲಿವೋಲ್ಟ್ ತೋರಿಸಿತು, ಅಂದರೆ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ. ಹೊಗೆ ಕೊಳವೆಯನ್ನೂ ನೋಡಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ಕೂಗಿಸಿ ಹೋದ. ಇಲ್ಲಿ ಗ್ಯಾಸ್ ಹೀಟರ್ ಇರುವ ಮನೆಗೆ ಆ ಅಲಾರಂ ಕಾನೂನಿನ ಪ್ರಕಾರ ಕಡ್ಡಾಯ.

ಇಷ್ಟೆಲ್ಲ ನಿಮಗೆ ಬರೆಯುವುದಕ್ಕೆ ಕಾರಣ ಬಚ್ಚಲುಮನೆಯ ಗ್ಯಾಸ್ ಗೀಸರ್. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ವಾಪಸ್ ಬರಲಿಲ್ಲ ಅನ್ನುವ ಸುದ್ದಿ ನಮ್ಮ ಕಡೆ ಎಷ್ಟು ಸಲ ಓದಿದ್ದೇವೆ, ಅಲ್ವಾ? ಕಾರಣ ಇದೇ ವಿಷಗಾಳಿ. ಮೈಸೂರಿನ ನಮ್ಮ ಮನೆಯಲ್ಲೂ ಗೀಸರ್ ಒಳಗೇ ಇದೆ. ಅದನ್ನು ಹಿತ್ತಲ ಗೋಡೆಗೆ ಹಾಕಿಸಿ ಪೈಪಿನಲ್ಲಿ ನೀರು ಮಾತ್ರ ಒಳಗೆ ತರಿಸು ಅಂತ ತಮ್ಮನಿಗೆ ಹೇಳಿದ್ದೇನೆ. ಭಾನುವಾರ ಪ್ಲಂಬರ್ ಬರುತ್ತಾನಂತೆ. ಅಲ್ಲಿಯವರೆಗೆ ಅಮ್ಮನಿಗೆ ಒಲೆ ಮೇಲೆ ಕಾಯಿಸಿದ ನೀರೇ.