ಮೊಲಕ್ಕೆ ಪೆಟ್ಟಾದರೆ ಮೊದಲು ಏನು ಮಾಡಬೇಕು?

ನಮ್ಮ ಮೊಲದ ಬಲ ಹಿಂಗಾಲು ತುಸು ಹೊರಗೆ ತಿರುಗಿದೆ. ಮನೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮೊಲ ಸಾಕಿದವರಾದರೆ ಚಹಾ ಮುಗಿಯುವುದರೊಳಗೆ ಕೇಳೇ ಕೇಳುತ್ತಾರೆ: "ನಮ್ಮದಕ್ಕೂ ಹಿಂಗ ಪೆಟ್ಟಾದ್ರ ಮೊದಲ ಏನ್ ಮಾಡಬೇಕ್ರೀ?" ನಾನು ಹೇಳುವುದು ಒಂದೇ. ಮುಟ್ಟೂದು ಕಡಿಮಿ ಮಾಡ್ರಿ, ಹಿಕ್ಕಿ ಎಣಸ್ರಿ.

ಎರಡು ಬೇಸಿಗೆ ಹಿಂದಿನ ಮಾತು. ಧಾರವಾಡದ ನಮ್ಮ ಮನೆಗೆ ಆಡಲು ಬಂದ ಪಕ್ಕದ ಮನೆ ಹುಡುಗ ಅದನ್ನು ಎತ್ತಿಕೊಂಡ. ಹಿಂಗಾಲಿಗೆ ಕೈ ಆಸರೆ ಕೊಟ್ಟಿರಲಿಲ್ಲ. ಅದು ಒಮ್ಮೆ ಝಾಡಿಸಿ ಒದ್ದು ಶಹಾಬಾದ ಫರಸಿ ಮೇಲೆ ಬಿತ್ತು. ಕೂಗಲಿಲ್ಲ. ಮಂಚದ ಕೆಳಗೆ ಹೋಗಿ ಗ್ವಾಡಿಗೆ ಮುಖ ಮಾಡಿ ಕುಳಿತುಬಿಟ್ಟಿತು. ನಾನು ಎಳೆದು ಹೊರತೆಗೆದೆ, ಅರಿಶಿನ ಮೆತ್ತಿದೆ, ಐಸ್‌ಕ್ರೀಮ್ ಕಡ್ಡಿ ಇಟ್ಟು ಬಟ್ಟೆ ಸುತ್ತಿದೆ. ಮೂರೂ ತಪ್ಪು. ಬಟ್ಟೆಯನ್ನಂತೂ ಹತ್ತು ನಿಮಿಷದಲ್ಲಿ ಕಡಿದು ಹಾಕಿತು.

ಮೊಲದ ಎಲುಬಿನ ಗೂಡು ಮೈತೂಕದ 7-8% ಅಷ್ಟೇ; ಬೆಕ್ಕಿನದು 12-13%. ಹಿಂಗಾಲಿನ ಮಾಂಸಖಂಡ ಮಾತ್ರ ಜಿಗಿಯಲೆಂದೇ ಬೆಳೆದದ್ದು. ಹಿಡಿದಷ್ಟೂ ಒದೆಯುತ್ತದೆ, ಒದ್ದ ರಭಸಕ್ಕೆ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವುದುಂಟು. ಎರಡೂ ಹಿಂಗಾಲು ಎಳೆಯುತ್ತಿದ್ದರೆ ಬೆನ್ನಿಗೆ ಪೆಟ್ಟಾಗಿದೆ ಎಂದೇ ತಿಳಿದು, ಮೈ ಬಾಗದಂತೆ ಸಪಾಟಾಗಿ ಎತ್ತಬೇಕು. ಆಪೂಸ್ ಮಾವಿನ ರಟ್ಟಿನ ಡಬ್ಬಿ ಸಾಕು: ತಳಕ್ಕೆ ಟವೆಲ್, ಬದಿಗೆ ಗಾಳಿ ತೂತು, ಮೇಲೆ ಮುಚ್ಚಳ. ಕತ್ತಲಾದರೆ ಅರ್ಧ ಹೆದರಿಕೆ ಇಳಿಯುತ್ತದೆ. ಉಗುರು ಕಿತ್ತು ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ.

ದವಾಖಾನಿಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯವರೊಬ್ಬರು ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರು. ಡಾಕ್ಟರು ಬಾಟಲಿ ನೋಡಿದವರೇ, "ಇದನ್ನ ಕುಡಿಸೀರೇನು?" ಎಂದರು. ಇಲ್ಲವೆಂದೆ. "ಹಂಗಾರ ಬದುಕ್ತು." ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು ಭೇದಿ ಹತ್ತುತ್ತದೆ, ಜೀವವೂ ಹೋಗಬಹುದು. ದನದ ದವಾಖಾನಿಗೆ ಹೊರಡುವ ಮೊದಲು ಮೊಲ ನೋಡುತ್ತಾರೋ ಇಲ್ಲವೋ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜಿದೆ. ಆಪರೇಷನ್ ಎಂದರೆ ವಾಂತಿಯಾದೀತೆಂದು ಮೊಲವನ್ನು ಉಪವಾಸ ಇಡಬೇಡಿ. ಮೊಲಕ್ಕೆ ವಾಂತಿಯೇ ಆಗುವುದಿಲ್ಲ.

ನಮ್ಮದಕ್ಕೆ ಎಕ್ಸ್‌ರೇ, ನೋವಿನ ಹನಿ, ಆರು ವಾರ ಗೂಡಿನಲ್ಲೇ ವಿಶ್ರಾಂತಿ. ಅಷ್ಟಾದ ಮೇಲೆ ಡಾಕ್ಟರು ಹೇಳಿದ್ದು ಹಿಕ್ಕಿಯ ಮಾತು. ನೋವಾದ ಮೊಲ ತಿನ್ನುವುದು ಬಿಡುತ್ತದೆ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಕಾಲು ಕೂಡಿದರೂ ಮೊಲ ಉಳಿಯುವುದಿಲ್ಲ. ಅರ್ಧ ದಿನ ಹಿಕ್ಕಿ ಇಲ್ಲವೆಂದರೆ ಮತ್ತೆ ಓಡಬೇಕು, ರಾತ್ರಿಯಾದರೂ ಸರಿ.

ಆ ರಾತ್ರಿ ಅದು ಕಣ್ಣು ಅರೆಮುಚ್ಚಿ ಮುದ್ದೆಯಾಗಿ ಕುಳಿತಿತ್ತು. ಕಿವಿಗೊಟ್ಟರೆ ಹಲ್ಲು ಕಡಿಯುವ ಸಪ್ಪಳ, ದೂರದಲ್ಲಿ ಯಾರೋ ಹುರಿಗಡಲೆ ಅಗಿದಂತೆ. ಅದು ನೋವಿನ ಸಪ್ಪಳ. ಗರಿಕೆ ಮೂಸಿ ಬಿಟ್ಟಿತು. ಡಾಕ್ಟರು ತೋರಿಸಿದಂತೆ ಮೊಲದ ಆಹಾರದ ಗುಳಿಗೆ ನೆನೆಸಿ ಅರೆದು, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ಇಷ್ಟಿಷ್ಟೇ ಕೊಟ್ಟೆವು. ನುಂಗಿದ ಮೇಲೆಯೇ ಮುಂದಿನ ತುತ್ತು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ.

ಬೆಳಗಿನ ಜಾವ ಹಾಸಿದ್ದ ಸಂಯುಕ್ತ ಕರ್ನಾಟಕದ ಮೇಲೆ ಏಳು ಹಿಕ್ಕಿ, ಸಣ್ಣವು, ಒಣವು. ಹುಡುಗ ಶಾಲೆ ಸೂಟಿ ಇದ್ದುದರಿಂದ ಏಳಕ್ಕೇ ಬಂದು ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಎಣಿಸಿ ಕೊಡು ಎಂದು ಪೇಪರು ಮುಂದೆ ಸರಿಸಿದೆ. ಆರು ವಾರ ಅವನೇ ಎಣಿಸಿದ, ಗಣಿತದ ಹಳೆಯ ನೋಟಬುಕ್ಕಿನಲ್ಲಿ ತಾರೀಖು ಹಾಕಿ.