ಕಿಟಕಿಯಲ್ಲಿಟ್ಟ ರೇಡಿಯೊ

ಅಟ್ಲಾಂಟದ ಮಗಳ ಮನೆಯಲ್ಲಿ ಮೂರು ವಾರ ಇದ್ದು ಬಂದೆನಾದರೂ ಮನಸ್ಸಿನಲ್ಲಿ ಉಳಿದಿರುವುದು ಜಾರ್ಜಿಯ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿನ ಪಕ್ಕದ ಆರ್ಚರಿಯಲ್ಲಿ ಕಳೆದ ಒಂದು ಬೆಳಗು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1928ರಿಂದ ಬೆಳೆದ ಬೇಸಾಯದ ಮನೆ ಅಲ್ಲಿದೆ. ಹಿಂದಿನ ದಿನ ಸಂಜೆ ತಲುಪುವಷ್ಟರಲ್ಲಿ ಬಾಗಿಲು ಹಾಕಿದ್ದರಿಂದ ಅಮೆರಿಕಸ್ ಪಟ್ಟಣಕ್ಕೆ ಹಿಂದಿರುಗಿ ರಾತ್ರಿ ಕಳೆಯಬೇಕಾಯಿತು. ಹೋಗುವವರು ದಯವಿಟ್ಟು ಬೆಳಿಗ್ಗೆಯೇ ಹೋಗಿ. ಪ್ಲೇನ್ಸಿನ ಕಡಲೆಕಾಯಿ ಐಸ್‌ಕ್ರೀಮ್ ನನಗೆ ರುಚಿಸಲಿಲ್ಲ. ಉಪ್ಪುನೀರಿನಲ್ಲಿ ಬೇಯಿಸಿದ ಹಸಿ ಕಡಲೆಕಾಯಿ ಮಾತ್ರ ಬಸವನಗುಡಿಯ ಪರಿಷೆಯದಕ್ಕೆ ಸರಿಸಾಟಿಯಾಗಿತ್ತು.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1931ರಲ್ಲಿ 6 ಸೆಂಟಿಗೆ ಕುಸಿದ ಕಾಲದ ಮನೆ ಅದು. ತೂತು ಕೊರೆದ ಡಬ್ಬಿಯೇ ಸ್ನಾನದ ಷವರ್. ವಿದ್ಯುತ್ ಬಂದದ್ದು 1938ರಲ್ಲಿ. ಕೂಲಿಯವರು ದುಡಿದ ಹಣದಲ್ಲಿ ಬಹುಪಾಲು ಪಕ್ಕದಲ್ಲೇ ಇದ್ದ ಯಜಮಾನರ ಅಂಗಡಿಗೆ ಸೇರುತ್ತಿತ್ತು. ರೈಲು ಹತ್ತಿ ಕೆಲಸ ಹುಡುಕುತ್ತ ಅಲೆಯುತ್ತಿದ್ದ ನಿರುದ್ಯೋಗಿಗಳು ಬಾಗಿಲಿಗೆ ಬಂದರೆ ಊಟ ಕೊಡುತ್ತಿದ್ದ ತಾಯಿ ಲಿಲಿಯನ್, ತಮ್ಮ 68ನೆಯ ವಯಸ್ಸಿನಲ್ಲಿ ಮುಂಬಯಿಯ ವಿಕ್ರೋಲಿಗೆ ದಾದಿಯಾಗಿ ಬಂದವರು ಎಂಬುದನ್ನು ನೆನೆದಾಗ ಆ ಅಡುಗೆಮನೆ ನನಗೆ ಇನ್ನಷ್ಟು ಹತ್ತಿರವಾಯಿತು.

ನಾನು ಬಹಳ ಹೊತ್ತು ನಿಂತದ್ದು ಹೊರಗೆ, ಕಿಟಕಿಯ ಬಳಿ. 1938ರ ಜೂನ್ 22ರ ರಾತ್ರಿ ಕರಿಯ ಮುಷ್ಟಿಮಲ್ಲ ಜೋ ಲೂಯಿಸ್ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನನ್ನು ಎದುರಿಸಿದಾಗ, ಕರಿಯ ನೆರೆಹೊರೆಯವರು ಕೇಳಲೆಂದು ಕಾರ್ಟರರ ತಂದೆ ಬ್ಯಾಟರಿ ರೇಡಿಯೊವನ್ನು ಕಿಟಕಿಯಲ್ಲಿಟ್ಟರು. ಮೊದಲ ಸುತ್ತಿನಲ್ಲೇ ಲೂಯಿಸ್ ಗೆದ್ದ. ಅಂಗಳದಲ್ಲಿದ್ದವರು ಸದ್ದಿಲ್ಲದೆ ವಂದನೆ ಹೇಳಿ, ರಸ್ತೆಯನ್ನೂ ರೈಲುಹಳಿಯನ್ನೂ ದಾಟಿ, ಕೂಲಿಯವರ ಮನೆಯೊಂದನ್ನು ಹೊಕ್ಕು ಬಾಗಿಲು ಹಾಕಿಕೊಂಡ ಮೇಲೆಯೇ ಕೇಕೆ ಹಾಕಿದರೆಂದು ಕಾರ್ಟರ್ ಬರೆದಿದ್ದಾರೆ.

ಮೊಮ್ಮಗಳೊಂದಿಗೆ ಬಂದಿದ್ದ ಕರಿಯ ವೃದ್ಧೆಯೊಬ್ಬರು ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಇಲ್ಲಿಯೇ ಏಕೆ ಕೂಗಲಿಲ್ಲವೆಂದು ನಾನು ಅವರನ್ನು ಕೇಳಿದೆ.

“ಬೆಳಗಾದರೆ ಇದೇ ಹೊಲಕ್ಕೆ ಕೂಲಿಗೆ ಬರಬೇಕಲ್ಲ,” ಎಂದರು. “ನಮ್ಮ ಅಜ್ಜಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರು. ಜೋರಾಗಿ ನಗು ಬಂದರೆ ಮೊದಲು ಎದ್ದು ಬಾಗಿಲು ಹಾಕುತ್ತಿದ್ದರು. ಕೊನೆಯವರೆಗೂ ಆ ಅಭ್ಯಾಸ ಹೋಗಲಿಲ್ಲ.”

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜನ ಮನೆಯಲ್ಲೂ ಊರಿಗೆಲ್ಲ ಒಂದೇ ರೇಡಿಯೊ ಇತ್ತೆಂದೂ, ಸಂಜೆ ವಾರ್ತೆಗೆ ಹೊಲದ ಆಳುಗಳು ಬರುತ್ತಿದ್ದರೆಂದೂ ಹೇಳಿದೆ. ಅಜ್ಜ ದೊಡ್ಡ ಮನಸ್ಸಿನವರು, ಎಲ್ಲರಿಗೂ ಕೇಳಲೆಂದು ದನಿ ಹೆಚ್ಚಿಸುತ್ತಿದ್ದರು ಎಂದು ಅಭಿಮಾನದಿಂದಲೇ ಸೇರಿಸಿದೆ.

“ಅವರೆಲ್ಲ ಎಲ್ಲಿ ಕೂರುತ್ತಿದ್ದರು?” ಎಂದು ಆಕೆ ಕೇಳಿದರು.

ಕೂರುತ್ತಿರಲಿಲ್ಲ, ಅಂಗಳದಲ್ಲಿ ನಿಂತಿರುತ್ತಿದ್ದರು ಎಂದೆ.